ಕುದಿಸಿದ ಸ್ಪಂಜು

ಮಾರ್ಚ್ ೩, ಮಂಗಳವಾರ

ಅಕ್ಕನನ್ನು ಇವತ್ತು ಆಸ್ಪತ್ರೆಯ ಗಾಜಿನ ಕೋಣೆಗೆ ಸೇರಿಸಿದರು. ಇನ್ನೊಂದು ವಾರ ಔಷಧಿ ಕೊಟ್ಟು ಅವಳ ಮೂಳೆಯೊಳಗಿನ ಕೆಟ್ಟ ಮಜ್ಜೆಯನ್ನೆಲ್ಲ ಸಾಯಿಸುತ್ತಾರೆ. ಆಮೇಲೆ ನನ್ನ ರಕ್ತದಿಂದ ತೆಗೆದ ಜೀವಕಣಗಳನ್ನು ಅವಳಿಗೆ ಹಾಕುತ್ತಾರೆ. ಅವು ಅಲ್ಲಿ ಬೇರು ಬಿಟ್ಟರೆ ಅಕ್ಕ ಉಳಿಯುತ್ತಾಳೆ, ಬಿಡದಿದ್ದರೆ ಇಲ್ಲ. ಡಾಕ್ಟರು ಇಷ್ಟನ್ನು ಹೇಳಲು ತುಂಬ ಹೊತ್ತು ಸುತ್ತು ಬಳಸಿದರು. ಇಡೀ ವೃತ್ತಿಜೀವನವನ್ನು ಆಪರೇಷನ್ ಥಿಯೇಟರಿನಲ್ಲಿ ಕಳೆದ ನರ್ಸಾದ ನನಗೆ ಅಷ್ಟೆಲ್ಲ ಬೇಕಾಗಿರಲಿಲ್ಲ.

ನಾನು ರಜೆ ಹಾಕಿದ್ದೇನೆ. ಡ್ಯೂಟಿ ಮುಗಿದಾಗ ಮುಂದಿನ ಪಾಳಿಯವರಿಗೆ ಬರೆದಿಟ್ಟು ಬರುವ ಅಭ್ಯಾಸ, ಬರೆಯದೆ ಕೈ ತುರಿಸುತ್ತದೆ. ಅದಕ್ಕೆ ಇದು. ಇದನ್ನು ಓದುವ ಮುಂದಿನ ಪಾಳಿಯವರು ಯಾರೂ ಇಲ್ಲವಾದ್ದರಿಂದ ಯಾರ ಮುಲಾಜೂ ಇಲ್ಲ.

ಒಳಗೆ ಹೋಗುವಾಗ ಅವಳು ಹೇಳಿದ್ದೇನು? ಭಯವಾಗುತ್ತಿದೆ ಎಂದಲ್ಲ, ಹುಷಾರು ಎಂದಲ್ಲ. "ಮೀನುಗಳನ್ನ ನೋಡ್ಕೋ. ಏನೂ ಮಾಡೋಕೆ ಹೋಗ್ಬೇಡ. ಸುಮ್ನೆ ನೋಡ್ಕೋ ಅಷ್ಟೆ."

"ನಿನ್ನ ಆ ಗಾಜಿನ ಚರಂಡೀನ ಒಂದಿನ ತಿಕ್ಕಿ ತೊಳೀಬೇಕು," ಎಂದೆ.

"ಮುಟ್ಟಿದ್ರೆ ನೋಡು," ಎಂದಳು. ಅಷ್ಟರಲ್ಲಿ ಬಾಗಿಲು ಹಾಕಿದರು. ಮೂವತ್ತು ವರ್ಷ ಲೆಕ್ಕದ ಟೀಚರಾಗಿದ್ದವಳು. ಸಾಯುವ ಬದುಕುವ ಹೊತ್ತಿನಲ್ಲೂ ಬೆರಳು ತೋರಿಸಿಯೇ ಮಾತು.

ಮಾರ್ಚ್ ೫, ಗುರುವಾರ

ತೊಳೆದೆ. ಅವಳು ಮನೆಗೆ ಬರುವಷ್ಟರಲ್ಲಿ ಮನೆಯಲ್ಲಿ ಒಂದು ಚೂರೂ ಕೊಳೆ ಇರಕೂಡದು ಎಂದು ಆಸ್ಪತ್ರೆಯವರೇ ಹೇಳಿದ್ದಾರೆ. ಈ ಮನೆಯಲ್ಲಿ ಕೊಳೆ ಎಂದರೆ ಮೊದಲನೆಯದು ಅವಳ ಪುಸ್ತಕದ ರಾಶಿ, ಎರಡನೆಯದು ಆ ತೊಟ್ಟಿ.

ಮೀನುಗಳನ್ನು ಬಕೆಟ್ಟಿಗೆ ಹಾಕಿ ನೀರನ್ನೆಲ್ಲ ಚೆಲ್ಲಿದೆ. ತಳದ ಕಲ್ಲುಗಳನ್ನು ಜರಡಿಗೆ ಹಾಕಿ ನಲ್ಲಿಯ ಕೆಳಗೆ ಹಿಡಿದರೆ ಇಳಿದದ್ದು ನೀರಲ್ಲ, ಕೆಸರು. ಫಿಲ್ಟರಿನ ಒಳಗಿಂದ ಸ್ಪಂಜು ತೆಗೆದಾಗಂತೂ ವಾಕರಿಕೆ ಬಂತು. ಕಂದು ಬಣ್ಣ, ಮುಟ್ಟಿದರೆ ಲೋಳೆ. ಇದನ್ನು ನನ್ನ ಅಕ್ಕ ವರ್ಷಗಟ್ಟಲೆ ಊಟದ ಮೇಜಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ. ಕಾಯಿಲೆ ಬರದೆ ಇನ್ನೇನು ಬಂದೀತು ಎಂದು ಒಂದು ಕ್ಷಣ ಅನ್ನಿಸಿಬಿಟ್ಟಿತು. ಅದನ್ನು ಪಾತ್ರೆಗೆ ಹಾಕಿ ಇಪ್ಪತ್ತು ನಿಮಿಷ ಕುದಿಸಿದೆ. ಥಿಯೇಟರಿನ ಕತ್ತರಿಗೆ ಕೊಡುವ ಮರ್ಯಾದೆಯನ್ನೇ ಕೊಟ್ಟೆ. ಹೊರಗೆ ತೆಗೆದಾಗ ಅಂಗಡಿಯಿಂದ ಈಗ ತಂದ ಹಾಗಿತ್ತು.

ಈಗ ತೊಟ್ಟಿಯ ಈಚೆಯಿಂದ ಆಚೆಯ ಗೋಡೆ ಕಾಣುತ್ತದೆ. ಆ ಜಂತುಗಳು ಗಾಬರಿಯಾಗಿ ಮೂಲೆ ಹಿಡಿದಿವೆ. ಸ್ವಚ್ಛತೆ ನೋಡಿ ಅಭ್ಯಾಸವಿಲ್ಲ ಪಾಪ.

ಮಾರ್ಚ್ ೮, ಭಾನುವಾರ

ನಿನ್ನೆಯಿಂದ ನನಗೆ ಚುಚ್ಚುಮದ್ದು ಶುರುವಾಗಿದೆ. ನನ್ನ ಮಜ್ಜೆಯನ್ನು ಕೆರಳಿಸಿ ಜೀವಕಣಗಳನ್ನು ರಕ್ತಕ್ಕೆ ಇಳಿಸುವ ಔಷಧಿ. ಸೊಂಟದ ಮೂಳೆ ಒಳಗಿನಿಂದ ಯಾರೋ ಕುಟ್ಟಿದ ಹಾಗೆ ನೋಯುತ್ತದೆ. ಸರಿ, ನೋಯಲಿ.

ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಯ ನೀರು ಹಾಲಿನ ಪಾತ್ರೆ ತೊಳೆದ ನೀರಿನಂತೆ ಮಬ್ಬು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಕೆಂಪು ನೀಲಿ ಗೆರೆಯ ಪುಟ್ಟ ಮೀನುಗಳ ಗುಂಪಿಗೆ ಅಕ್ಕ ಮೂರನೇ ಕ್ಲಾಸು ಎನ್ನುತ್ತಾಳೆ. ಅದರಲ್ಲಿ ಎರಡು ಸತ್ತು ತೇಲುತ್ತಿದ್ದವು. ಇನ್ನೂ ಎಲ್ಲೋ ಕೊಳೆ ಉಳಿದಿರಬೇಕು. ಮತ್ತೆ ನೀರೆಲ್ಲ ಚೆಲ್ಲಿ, ನಲ್ಲಿಯ ಹೊಸ ನೀರು ತುಂಬಿಸಿದೆ. ಸ್ಪಂಜನ್ನು ಮತ್ತೊಮ್ಮೆ ಕುದಿಸಿದೆ.

ಸಂಜೆ ಅಕ್ಕ ಫೋನಿನಲ್ಲಿ ಕೇಳಿದಳು, "ಹೇಗಿದ್ದಾರೆ ನಮ್ಮವರು?"

"ಸ್ಥಿರವಾಗಿದ್ದಾರೆ," ಎಂದೆ. ಥಿಯೇಟರಿನ ಹೊರಗೆ ಕಾಯುವವರಿಗೆ ಹೇಳಿ ಹೇಳಿ ನಾಲಿಗೆಗೆ ತಾನಾಗಿ ಬರುವ ಪದ.

ಮಾರ್ಚ್ ೧೧, ಬುಧವಾರ

ಬೆಳಿಗ್ಗೆ ನನ್ನನ್ನು ಯಂತ್ರಕ್ಕೆ ಜೋಡಿಸಿದರು. ಒಂದು ಕೈಯಿಂದ ರಕ್ತ ಹೋಗಿ, ಸುತ್ತಿ, ಇನ್ನೊಂದು ಕೈಗೆ ಬಂತು. ನಡುವೆ ಅವರಿಗೆ ಬೇಕಾದದ್ದನ್ನು ಹಿಡಿದುಕೊಂಡರು. ತಮ್ಮನ ರಕ್ತ ಅಕ್ಕನಿಗೆ ಹೊಂದಲಿಲ್ಲ, ನನ್ನದು ಹೊಂದಿತು. ಹುಟ್ಟಿದಾಗಿನಿಂದ ಯಾವ ವಿಷಯದಲ್ಲೂ ಹೊಂದದ ಇಬ್ಬರು ನಾವು.

ಮಧ್ಯಾಹ್ನ ಆ ಚೀಲವನ್ನು ಅವಳಿಗೆ ಹಾಕಿದರು. ಇಷ್ಟೇ ಇಷ್ಟು. ಇಟ್ಟಿಗೆ ಬಣ್ಣದ ನೀರು. ನಾನು ಗಾಜಿನ ಈಚೆ ನಿಂತು ನೋಡಿದೆ. ತಲೆಯಲ್ಲಿ ಒಂದು ಕೂದಲಿಲ್ಲ, ಆದರೂ ಕಣ್ಣು ಮಾತ್ರ ಪರೀಕ್ಷೆಯ ಹಾಲಿನಲ್ಲಿ ಓಡಾಡುವ ಹಾಗೆಯೇ ಓಡಾಡುತ್ತಿತ್ತು. ಫೋನಿನಲ್ಲಿ, "ಇಷ್ಟೇನಾ ಕೊಟ್ಟಿದ್ದು? ಜಿಪುಣಿ," ಎಂದಳು. ಆಮೇಲೆ ಮೀನಿನ ವಿಚಾರ. ಸ್ಥಿರ ಎಂದೆ. ಇವತ್ತು ಬೆಳಿಗ್ಗೆ ಮತ್ತೆ ನಾಲ್ಕನ್ನು ಬಲೆಯಿಂದ ಎತ್ತಿ ಹೊರಗೆ ಹಾಕಿ ಬಂದಿದ್ದೆ. ಇಂಥ ದಿನ ಅದನ್ನು ಹೇಳಲು ಯಾವ ಬಾಯಿ ಬರುತ್ತದೆ?

ಮಾರ್ಚ್ ೧೪, ಶನಿವಾರ

ಹೆಡ್‌ಮಿಸ್ ಸತ್ತಳು.

ಹಾಳೆಯಂತೆ ಚಪ್ಪಟೆ ಮೈ, ಉದ್ದ ರೆಕ್ಕೆ, ಕಪ್ಪು ಪಟ್ಟೆಯ ಏಂಜಲ್ ಮೀನು. ತೊಟ್ಟಿಯ ನಡುವೆ ಯಾರನ್ನೂ ಲೆಕ್ಕಿಸದೆ ನಿಲ್ಲುತ್ತಿತ್ತು, ಅದಕ್ಕೆ ಆ ಹೆಸರು. ಅಕ್ಕ ಅದನ್ನು ಬೆರಳಿನ ಉಗುರಿನಷ್ಟಿದ್ದಾಗ ತಂದು ಬೆಳೆಸಿದ್ದಳು. ಬೆಳಿಗ್ಗೆ ಅಡ್ಡ ಮಲಗಿತ್ತು. ಕಿವಿರಿನ ಹತ್ತಿರ ಕೆಂಪಾಗಿತ್ತು, ಸುಟ್ಟ ಹಾಗೆ. ನಾನು ಮುಟ್ಟಿದಾಗ ಒಮ್ಮೆ ಕಣ್ಣು ತಿರುಗಿಸಿತು. ಅಷ್ಟೆ.

ಮೀನಿನ ಅಂಗಡಿಗೆ ಹೋದೆ. ಅಂಥದೇ ಇನ್ನೊಂದು ತಂದು ಬಿಟ್ಟರೆ ಅಕ್ಕನಿಗೆ ಗೊತ್ತಾಗುತ್ತದೆಯೇ ಎಂದು ಯೋಚನೆ. ಅಲ್ಲಿ ಹತ್ತಾರು ಏಂಜಲ್‌ಗಳಿದ್ದವು. ಒಂದೊಂದನ್ನೂ ನೋಡಿದೆ. ಎಲ್ಲವೂ ಚೆನ್ನಾಗಿದ್ದವು, ಒಂದೂ ಅವಳ ಹಾಗೆ ನಿಲ್ಲಲಿಲ್ಲ. ಅಂಗಡಿಯವನು ಯಾವುದು ಬೇಕು ಎಂದು ಎರಡು ಸಲ ಕೇಳಿದ. ಏನೂ ಬೇಡ ಎಂದು ಬಂದುಬಿಟ್ಟೆ.

ಏನು ತಪ್ಪು ಮಾಡುತ್ತಿದ್ದೇನೆ ಎಂದು ಅವನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ನಾನು, ತಪ್ಪು, ಅದೂ ಶುಚಿಯ ವಿಷಯದಲ್ಲಿ.

ಮಾರ್ಚ್ ೧೮, ಬುಧವಾರ

ಅಕ್ಕನಿಗೆ ಜ್ವರ. ಬಾಯಿ ತುಂಬ ಹುಣ್ಣು, ಎಂಜಲು ನುಂಗಲೂ ಆಗುವುದಿಲ್ಲ, ಮಾತು ನಿಂತಿದೆ. ಬಿಳಿ ರಕ್ತಕಣದ ಲೆಕ್ಕ ಸೊನ್ನೆ. ಸೊನ್ನೆಗೆ ಇಳಿಯಲೇಬೇಕು, ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಅದು ಏರುವುದೋ ಇಲ್ಲವೋ ಎಂಬುದು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಸಿಸ್ಟರ್, ನೀವೇ ಒಂದು ಮಾತು ಹೇಳಿ ಅವರಿಗೆ. ಬಾಯಿ ಮುಕ್ಕಳಿಸಲ್ಲ ಅಂತಾರೆ. ಎದ್ದು ಕೂರಲ್ಲ. ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾರೆ. ಹೀಗಾದ್ರೆ ಹುಣ್ಣಿಂದ ಸೋಂಕು ಮೈಗೆಲ್ಲ ಹೋಗುತ್ತೆ. ತಡೆಯೋಕೆ ಒಳಗೆ ಒಬ್ಬನೂ ಸಿಪಾಯಿ ಇಲ್ಲ ಈಗ."

ಗಾಜು ತಟ್ಟಿದೆ. ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ ಅವಳ ಮೆಸೇಜು ಬಂತು, "ಹೆಡ್‌ಮಿಸ್ ಫೋಟೋ ಕಳಿಸು."

ಕ್ಯಾಮೆರಾ ಕೆಟ್ಟಿದೆ, ರಿಪೇರಿಗೆ ಕೊಡಬೇಕು, ಎಲ್ಲ ಸ್ಥಿರವಾಗಿದ್ದಾರೆ ಎಂದು ಕಳಿಸಿದೆ. ಓದಿದಳು. ಫೋನನ್ನು ದಿಂಬಿನ ಆಚೆ ಇಟ್ಟಳು. ಅವಳ ಬೆನ್ನಿನ ಮೂಳೆಗಳನ್ನು ಲೆಕ್ಕ ಹಾಕಬಹುದಿತ್ತು, ನಿಲುವಂಗಿಯ ಮೇಲಿನಿಂದಲೇ.

ನನಗೆ ಭಯವಾಗುತ್ತಿದೆ. ಇಲ್ಲಿ ಬರೆಯುತ್ತೇನೆ, ಬೇರೆ ಎಲ್ಲೂ ಹೇಳುವುದಿಲ್ಲ.

ಮಾರ್ಚ್ ೧೯, ಗುರುವಾರ

ಹೇಳಿಬಿಟ್ಟೆ.

ಇವತ್ತೂ ಗೋಡೆಗೆ ಮುಖ. ಒಳಗಿನ ನರ್ಸು ಫೋನನ್ನು ಅವಳ ಕಿವಿಗೆ ಹಿಡಿದಳು. ಧೈರ್ಯ ಹೇಳಬೇಕೆಂದುಕೊಂಡು ಬಾಯಿ ತೆರೆದೆ, ಬಂದದ್ದು ಬೇರೆ.

"ಅಕ್ಕಾ, ಹೆಡ್‌ಮಿಸ್ ಸತ್ತೋದ್ಲು. ನಾನೇ ಸಾಯಿಸಿದೆ. ನೀನು ಬೇಡ ಅಂದ್ರೂ ತೊಟ್ಟಿ ತೊಳೆದೆ. ಸ್ಪಂಜು ಕುದಿಸಿದೆ. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು."

ಅಕ್ಕ ಎದ್ದು ಕುಳಿತಳು. ಯಾರು ಎಬ್ಬಿಸಿದರೂ ಏಳದಿದ್ದವಳು ತಾನೇ ಮಂಚದ ಕಂಬಿ ಹಿಡಿದು ಎದ್ದಳು. ಗಾಜಿನಾಚೆಯಿಂದ ನನ್ನನ್ನು ನೋಡಿದಳು. ಫೋನ್ ಕಿತ್ತುಕೊಂಡು ಎರಡು ಹೆಬ್ಬೆರಳಿನಲ್ಲಿ ಕುಟ್ಟತೊಡಗಿದಳು, ಮೆಸೇಜುಗಳು ಒಂದರ ಹಿಂದೊಂದು ಬಂದವು.

"ಕುದಿಸಿದೆಯಾ."

"ಸ್ಪಂಜನ್ನ."

"ಎಷ್ಟು ಹೊತ್ತು."

ಇಪ್ಪತ್ತು ನಿಮಿಷ, ಎರಡು ಸಲ ಎಂದೆ. ಕಣ್ಣು ಮುಚ್ಚಿ ತೆರೆದಳು. ಆಮೇಲೆ ಉದ್ದದ್ದು ಬಂತು.

"ಅದು ಕೊಳೆ ಅಲ್ಲ ಕಣೇ ಕತ್ತೆ. ಮೀನಿನ ಹೇಲು ಉಚ್ಚೆಯಿಂದ ನೀರಲ್ಲಿ ವಿಷ ಆಗುತ್ತೆ. ಆ ವಿಷವನ್ನ ತಿಂದು ಬದುಕೋ ಸೂಕ್ಷ್ಮಜೀವಿಗಳು ಸ್ಪಂಜಲ್ಲಿ ಇರ್ತಾವೆ. ವರ್ಷಗಟ್ಟಲೆ ಸಾಕಿದ್ದೆ ಅವನ್ನ. ನೀನು ಮೀನು ಸಾಯಿಸಲಿಲ್ಲ, ಅವುಗಳ ನೀರನ್ನೇ ಸಾಯಿಸಿದೆ. ಎಷ್ಟು ಜನ ಉಳಿದಿದ್ದಾರೆ?"

"ಮೂವರು," ಎಂದೆ. "ಮೂರನೇ ಕ್ಲಾಸಲ್ಲಿ ಇಬ್ಬರು, ತಳದಲ್ಲಿ ಓಡಾಡೋ ಕೊನೆ ಬೆಂಚಿನವನು ಒಬ್ಬ."

ಆಜ್ಞೆಗಳು ಸಾಲಾಗಿ ಬಂದವು. ಎರಡು ದಿನ ಅವಕ್ಕೆ ಊಟ ಬೇಡ. ದಿನಾ ಕಾಲು ಭಾಗ ನೀರು ಮಾತ್ರ ಬದಲಾಯಿಸಬೇಕು, ಅದೂ ಹಿಂದಿನ ದಿನ ಬಕೆಟ್ಟಿನಲ್ಲಿ ಹಿಡಿದಿಟ್ಟು ಕ್ಲೋರಿನ್ ಹೋದದ್ದು. ಸೇತುವೆಯಾಚೆಯ ರಸ್ತೆಯ ದಂತವೈದ್ಯರ ಹತ್ತಿರ ಹೋಗಬೇಕು. ಅವರ ಕ್ಲಿನಿಕ್ಕಿನ ತೊಟ್ಟಿಯನ್ನು ಅಕ್ಕನೇ ಹೊಂದಿಸಿಕೊಟ್ಟದ್ದು. ಅದರ ಸ್ಪಂಜಿನಲ್ಲಿ ಅರ್ಧ ಕತ್ತರಿಸಿಕೊಳ್ಳಲು ಕೇಳಬೇಕು. ಅವರದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತರಬೇಕು. "ಒಣಗಿದ್ರೆ ಸತ್ತೋಗುತ್ತೆ. ಬಿಸಿ ಆದ್ರೂ ಸತ್ತೋಗುತ್ತೆ. ತೊಳೆದೀಯ ಜೋಕೆ."

ಅಷ್ಟು ಹೊತ್ತಿಗೆ ನರ್ಸು ಬಾಯಿ ಮುಕ್ಕಳಿಸುವ ಔಷಧಿ ತಂದಳು. ಅಕ್ಕ ನನ್ನ ಮೇಲಿನ ಕಣ್ಣು ತೆಗೆಯದೆ ಲೋಟ ಎತ್ತಿ, ನೋವಿಗೆ ಕಣ್ಣಲ್ಲಿ ನೀರು ಬಂದರೂ ಮುಕ್ಕಳಿಸಿ ಉಗುಳಿದಳು. ನನ್ನ ಮುಖಕ್ಕೇ ಉಗುಳಿದ ಹಾಗಿತ್ತು. ಇಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ಮಾರ್ಚ್ ೨೦, ಶುಕ್ರವಾರ

ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆನ್ನೆ ಊದಿಸಿಕೊಂಡವರು ಸಾಲಾಗಿ ಕುಳಿತಿದ್ದರು. ಚೀಟಿ ಬರೆಯುವ ಹುಡುಗಿ, "ಹಲ್ಲು ನೋವಾ?" ಎಂದಳು.

"ಅಲ್ಲ. ನಿಮ್ಮ ತೊಟ್ಟಿಯಲ್ಲಿರೋ ಗಲೀಜು ಸ್ಪಂಜಲ್ಲಿ ಅರ್ಧ ಬೇಕಿತ್ತು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ದಂತವೈದ್ಯರೇ ಕೈಗವಸಿನಲ್ಲೇ ಹೊರಗೆ ಬಂದರು. "ಟೀಚರ್ ತಂಗಿ ಅಲ್ವಾ ನೀವು? ತಗೊಳ್ಳಿ, ತಗೊಳ್ಳಿ. ಮೇಡಂ ಹೇಗಿದ್ದಾರೆ?"

ಸ್ಥಿರ ಎನ್ನಲು ಹೋಗಿ ನಿಲ್ಲಿಸಿದೆ. "ಚೆನ್ನಾಗಿಲ್ಲ. ಕಾಯ್ತಾ ಇದೀವಿ," ಎಂದೆ. ಅವರು ಕತ್ತರಿ ಕೊಟ್ಟರು.

ಕೈಗವಸು ಹಾಕಿಕೊಂಡರೆ ಅದರ ಪುಡಿ, ಔಷಧಿ ಏನಾದರೂ ಸ್ಪಂಜಿಗೆ ತಗುಲೀತು ಎಂದು ಬರಿಗೈಯಲ್ಲೇ ಕತ್ತರಿಸಿದೆ. ಅದೇ ಕಂದು, ಅದೇ ಲೋಳೆ. ಊಟದ ಡಬ್ಬಿಗೆ ಅವರ ತೊಟ್ಟಿಯ ನೀರು ತುಂಬಿ ಮುಳುಗಿಸಿದೆ. ಅಲ್ಲಿಂದ ಆಟೋ ಹತ್ತಿದರೆ ಸೇತುವೆಯ ಹತ್ತಿರ ವಾಹನಗಳು ಜಾಮ್. ಬಿಸಿಲು ನೇರ ನನ್ನ ತೊಡೆಯ ಮೇಲಿನ ಡಬ್ಬಿಗೆ. ಸೆರಗಿನಿಂದ ಮುಚ್ಚಿದೆ. ಡಬ್ಬಿಯ ಅಡಿ ಮುಟ್ಟಿ ಮುಟ್ಟಿ ನೋಡಿದೆ. ಬೆಚ್ಚಗಾಗುತ್ತಿದೆ ಅನ್ನಿಸಿತು. ಇಳಿದು ನಡೆದೆ. ನಡೆದೆ ಎಂದರೆ ಸುಳ್ಳು, ಓಡಿದೆ. ಥಿಯೇಟರಿಗೆ ರಕ್ತದ ಚೀಲ ತರುವಾಗಲೂ ಹೀಗೆ ಎದೆಗವಚಿಕೊಂಡು ಓಡಿದ್ದಿಲ್ಲ.

ಫಿಲ್ಟರಿನಲ್ಲಿ ನನ್ನ ಕುದಿಸಿದ ಸ್ಪಂಜಿನ ಪಕ್ಕಕ್ಕೆ ಒತ್ತಿ ಇಟ್ಟಿದ್ದೇನೆ. ಆ ಕೊಳೆ ಸ್ಪಂಜಿನಿಂದ ಸೂಕ್ಷ್ಮಜೀವಿಗಳು ಇದಕ್ಕೆ ಹರಡಬೇಕಂತೆ. ಎಷ್ಟು ದಿನ ಎಂದು ಅಕ್ಕನನ್ನು ಕೇಳಿದರೆ, "ಹಿಡಿದಾಗ ಹಿಡಿಯುತ್ತೆ," ಎಂದು ಉತ್ತರ. ಲೆಕ್ಕದ ಟೀಚರು ಕೊಡುವ ಉತ್ತರವೇ ಇದು?

ಮಾರ್ಚ್ ೨೩, ಸೋಮವಾರ

ಅಕ್ಕನ ಕಪಾಟಿನಲ್ಲಿ ನೀರು ಪರೀಕ್ಷಿಸುವ ನಳಿಕೆ, ಹನಿ ಔಷಧಿ ಸಿಕ್ಕವು. ಹಳದಿ ಬಂದರೆ ಒಳ್ಳೆಯದು, ಹಸಿರು ಬಂದರೆ ವಿಷ. ಹಸಿರು ಬಂತು. ಅಕ್ಕನ ಲೆಕ್ಕ ಸೊನ್ನೆ. ಜ್ವರ ಇದೆ.

ಮಾರ್ಚ್ ೨೬, ಗುರುವಾರ

ಹಸಿರು. ಸೊನ್ನೆ.

ಇಷ್ಟು ಹೊತ್ತಿಗೆ ಏನಾದರೂ ಕಾಣಬೇಕಿತ್ತು ಎಂದರು ಡಾಕ್ಟರು. ಇನ್ನು ಕೆಲವು ದಿನ ನೋಡುತ್ತಾರಂತೆ. ಆಗಲೂ ಬರದಿದ್ದರೆ ನನ್ನಿಂದಲೇ ಇನ್ನೊಮ್ಮೆ ತೆಗೆಯಬೇಕಾಗಬಹುದು. ಆದರೆ ಅಷ್ಟು ದಿನ ಅವಳ ಮೈ ತಡೆಯಬೇಕು. ಬೇಕಾದರೆ ನನ್ನನ್ನು ಪೂರ್ತಿ ಹಿಂಡಿಕೊಳ್ಳಿ ಎಂದೆ. ಅವರು ನನ್ನ ಭುಜ ತಟ್ಟಿದರು. ನನಗೆ ಭುಜ ತಟ್ಟುವವರನ್ನು ಕಂಡರೆ ಆಗುವುದಿಲ್ಲ. ನಾನೂ ಎಷ್ಟೋ ಜನರ ಭುಜ ತಟ್ಟಿದವಳು, ಯಾವಾಗ ತಟ್ಟುತ್ತೇವೆ ಎಂದು ಗೊತ್ತು.

ಮನೆಗೆ ಬಂದೆ. ಎಲ್ಲ ಪಾತ್ರೆ ಇಳಿಸಿ ತಿಕ್ಕೋಣ, ಪರದೆ ಬಿಚ್ಚಿ ಒಗೆಯೋಣ ಎಂದು ಕೈ ಹಾತೊರೆಯಿತು. ಫಿಲ್ಟರು ತೆರೆದು ಸ್ಪಂಜನ್ನು ಒಮ್ಮೆ, ಒಂದೇ ಒಂದು ಸಲ ಹಿಂಡಿ ನೋಡೋಣ, ಒಳಗೆ ಏನಾಗಿದೆಯೋ ಅನ್ನಿಸಿತು. ಮುಚ್ಚಳಕ್ಕೆ ಕೈಯನ್ನೂ ಹಾಕಿದ್ದೆ. ತೆಗೆದುಕೊಂಡೆ. ಕುರ್ಚಿ ಎಳೆದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ತೊಟ್ಟಿಯ ಮುಂದೆ ಕುಳಿತೆ. ಕೊನೆ ಬೆಂಚಿನವನು ಮೀಸೆ ಆಡಿಸುತ್ತ ಕಲ್ಲು ಕೆದಕುತ್ತಿದ್ದ. ಆಗಾಗ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ಕುಡಿದು ಮತ್ತೆ ಕೆಳಗೆ. ಸಂಜೆಯವರೆಗೂ ಅದನ್ನೇ ನೋಡಿದೆ. ಮನೆ ಗುಡಿಸಲಿಲ್ಲ.

ಮಾರ್ಚ್ ೨೮, ಶನಿವಾರ

ನಳಿಕೆಯಲ್ಲಿ ಹಳದಿ. ಕಿಟಕಿಯ ಹತ್ತಿರ ಹಿಡಿದು ನೋಡಿದೆ, ಬಾಗಿಲ ಹತ್ತಿರ ಹಿಡಿದು ನೋಡಿದೆ. ಹಳದಿಯೇ. ಅಕ್ಕನಿಗೆ ಕೂಡಲೇ ಕಳಿಸಿದೆ.

"ಕುಣೀಬೇಡ. ಮೊದಲನೇ ವಿಷ ತಿಂದವು ಎರಡನೇ ವಿಷ ಹೊರಗೆ ಹಾಕ್ತಾವೆ. ಅದನ್ನ ತಿನ್ನೋರು ಬೇರೆ, ಅವರು ಇನ್ನೂ ತಡವಾಗಿ ಬರ್ತಾರೆ. ಇನ್ನೊಂದು ಬಾಟಲಿಯಲ್ಲಿ ನೋಡು."

ನೋಡಿದೆ. ನೇರಳೆ ಬಣ್ಣ, ಅದು ಕೆಟ್ಟದ್ದಂತೆ. ಮೂರನೇ ಕ್ಲಾಸಿನ ಒಬ್ಬಳು ರೆಕ್ಕೆ ಮುದುಡಿಕೊಂಡು ಗಿಡದ ಹಿಂದೆ ಸೇರಿದ್ದಾಳೆ. ಬಕೆಟ್ಟಿನ ನೀರು ಒಂದೊಂದೇ ಲೋಟ ಹಾಕಿದೆ, ಅವಳಿಗೆ ಅಲುಗಾಟ ಆಗದ ಹಾಗೆ. ಸಂಜೆಗೆ ಹೋಗಿಬಿಟ್ಟಳು. ನಾನು ಅತ್ತುಬಿಟ್ಟೆ. ಒಂದು ಹೆಬ್ಬೆರಳಿನಷ್ಟೂ ಇಲ್ಲದ ಮೀನಿಗೆ ಅಳುತ್ತೇನೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಅಕ್ಕನಿಗೆ ಅದನ್ನೂ ಹೇಳಿದೆ. ಇನ್ನು ಸುಳ್ಳು ಹೇಳುವುದಿಲ್ಲ. "ಸರಿ. ಇಬ್ಬರಿದ್ದಾರಲ್ಲ, ಅವರನ್ನ ನೋಡ್ಕೋ," ಎಂದು ಬರೆದಳು. ಆಮೇಲೆ, "ನನ್ನದು ಇವತ್ತೂ ಸೊನ್ನೆ ಕಣೇ," ಎಂದು ಬರೆದಳು. ಭಯವನ್ನು ಅವಳು ಬಾಯಿ ಬಿಟ್ಟು ಹೇಳಿದ್ದು ಅಷ್ಟೇ.

"ಹಿಡಿದಾಗ ಹಿಡಿಯುತ್ತೆ," ಎಂದು ಕಳಿಸಿದೆ. ಬೇರೇನು ಬರೆಯಲಿ.

ಮಾರ್ಚ್ ೩೦, ಸೋಮವಾರ

ಬೆಳಿಗ್ಗೆ ಆಸ್ಪತ್ರೆಯಿಂದ ಫೋನು. ಎತ್ತಿದೆ.

"ಸಿಸ್ಟರ್, ಲೆಕ್ಕ ಸೊನ್ನೆ ಬಿಟ್ಟು ಮೇಲೆ ಬಂದಿದೆ. ಸ್ವಲ್ಪವೇ. ಆದರೆ ಬಂದಿದೆ."

ಅವರು ಮುಂದುವರಿಸಿದರು, ಈಗಲೇ ಸಂಭ್ರಮ ಬೇಡ ಎಂದು. ಹುಟ್ಟುತ್ತಿರುವುದು ನನ್ನ ಕಣಗಳೋ, ಅಥವಾ ಸಾಯದೆ ಉಳಿದ ಅವಳ ಹಳೆಯ ರೋಗದ ಕಣಗಳೇ ಮತ್ತೆ ತಲೆ ಎತ್ತುತ್ತಿವೆಯೋ, ಅದು ಬೇರೆ ಪರೀಕ್ಷೆಯಲ್ಲಿ ಗೊತ್ತಾಗಬೇಕು. ವರದಿಗೆ ಒಂದು ವಾರ ಬೇಕು. ಹಳೆಯವಾದರೆ ಏನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ವಾರ. ಹಾಳಾದ್ದು.

ಏಪ್ರಿಲ್ ೩, ಶುಕ್ರವಾರ

ಎರಡನೇ ನಳಿಕೆಯ ನೇರಳೆಯೂ ಇಳಿದಿದೆ. ತೊಟ್ಟಿಯ ಹಿಂದಿನ ಗಾಜಿಗೆ ಹಸಿರು ಪಾಚಿ ತೆಳ್ಳಗೆ ಹತ್ತಿದೆ. ಕೊನೆ ಬೆಂಚಿನವನು ಅಲ್ಲೇ ಮೂಗು ಹಚ್ಚಿಕೊಂಡಿರುತ್ತಾನೆ, ಇರಲಿ ಎಂದು ಬಿಟ್ಟಿದ್ದೇನೆ.

ಅಕ್ಕನಿಗೆ ಜ್ವರ ಇಳಿದಿದೆ. ಹುಣ್ಣು ಮಾಯುತ್ತಿದೆ. ಎರಡು ಚಮಚ ಸೂಪ್ ಕುಡಿದಳಂತೆ. ವರದಿ ಬಂದಿಲ್ಲ. ತಮ್ಮ ದಿನಾ ಫೋನ್ ಮಾಡಿ ಏನಾಯಿತು ಎನ್ನುತ್ತಾನೆ. ಏನಾದರೂ ಆದರೆ ನಾನೇ ಹೇಳುತ್ತೇನೆ, ಪದೇ ಪದೇ ತಲೆ ತಿನ್ನಬೇಡ ಎಂದು ಗದರಿದೆ. ಪಾಪ, ಅವನದೇನು ತಪ್ಪು.

ಏಪ್ರಿಲ್ ೭, ಮಂಗಳವಾರ

ಡಾಕ್ಟರು ವರದಿ ಹಿಡಿದುಕೊಂಡೇ ಹೊರಗೆ ಬಂದರು. ಈ ಸಲ ಸುತ್ತು ಬಳಸಲಿಲ್ಲ. "ಎಲ್ಲ ನಿಮ್ಮವೇ. ಹಳೆಯದು ಒಂದೂ ಇಲ್ಲ. ಹಿಡಿದಿದೆ."

ಅಲ್ಲೇ ಬೆಂಚಿನ ಮೇಲೆ ಕುಳಿತು ಜೋರಾಗಿ ಅತ್ತೆ, ಹಾದು ಹೋಗುವವರೆಲ್ಲ ನೋಡುವ ಹಾಗೆ.

ಆಮೇಲೆ ಗಾಜಿನ ಹತ್ತಿರ ಹೋದೆ. ಅಕ್ಕ ಮಂಚದ ಮೇಲೆ ಕುಳಿತಿದ್ದಳು. ಫೋನ್ ಎತ್ತಿ ಹಳೆಯ ದನಿಯಲ್ಲಿ, ಸ್ವಲ್ಪ ಒಡಕಾಗಿ, ಮಾತಾಡಿದಳು.

"ಏನು ಕೊಟ್ಟಿದ್ದೀಯೇ ನನಗೆ? ನಿನ್ನೆಯಿಂದ ಈ ಮೇಜು ಒರೆಸ್ಬೇಕು ಅನ್ನಿಸ್ತಿದೆ. ಎರಡು ಸಲ ಒರೆಸಿದೆ. ಔಷಧಿ ಬಾಟ್ಲಿಗಳನ್ನ ಸಾಲಾಗಿ ಜೋಡಿಸಿದೆ. ಹೀಗೇನಾ ಇನ್ನು ನನ್ನ ಗತಿ?"

ನೋಡಿದರೆ ನಿಜವಾಗಿಯೂ ಮೇಜಿನ ಮೇಲೆ ಬಾಟಲಿಗಳು ಎತ್ತರದ ಪ್ರಕಾರ ನಿಂತಿದ್ದವು. ಅವಳ ಜೀವನದಲ್ಲಿ ಅವಳು ಯಾವುದನ್ನೂ ಹಾಗೆ ಜೋಡಿಸಿದ್ದಿಲ್ಲ. ಇಬ್ಬರೂ ನಕ್ಕೆವು. ಅವಳಿಗೆ ನಕ್ಕರೆ ತುಟಿ ನೋಯುತ್ತದೆ, ಆದರೂ ನಕ್ಕಳು.

ಅಕ್ಕ ಮನೆಗೆ ಬಂದ ಮೇಲೂ ಬಹಳ ದಿನ ತೊಟ್ಟಿಗೆ ಕೈ ಹಾಕಕೂಡದು ಎಂದಿದ್ದಾರೆ ಡಾಕ್ಟರು. ಹಾಗಾದರೆ ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಅಕ್ಕನೇ ಹೇಳಿದಳು, ನಿನಗೂ ಕಾಟ ತಪ್ಪುತ್ತದೆ ಎಂದಳು.

"ಯಾರಿಗೂ ಕೊಡಲ್ಲ. ನನ್ನ ಕೋಣೆಯಲ್ಲಿ ಇಟ್ಕೋತೀನಿ. ನೀನು ಬಾಗಿಲಾಚೆ ನಿಂತು ಬೈತಿರು," ಎಂದೆ. ಅವಳು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು. ಯಾಕೆ ಹಾಗೆ ನೋಡಿದಳೋ ಗೊತ್ತಿಲ್ಲ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ, ಕೈಯನ್ನೂ ತೊಳೆಯದೆ ನೇರ ತೊಟ್ಟಿಯ ಹತ್ತಿರ ಹೋದೆ. ಇಬ್ಬರೂ ಮುಂದಿನ ಗಾಜಿಗೆ ಬಂದರು. "ಅಕ್ಕ ಬರ್ತಾಳೆ ಕಣ್ರೋ," ಎಂದು ಹೇಳಿದೆ. ತಮ್ಮನಿಗೆ ಇನ್ನೂ ಫೋನ್ ಮಾಡಿಲ್ಲ ಎಂದು ನೆನಪಾದದ್ದು ಈಗ, ಇದನ್ನು ಬರೆಯುವಾಗ.